ಹೊಲಿಗೆ ಹಾಕಿಸಿಕೊಂಡು ಮನೆಗೆ ಹೊರಡುವ ಮುಂಚೆ

"ಏನಾಯ್ತು?"

ಕ್ಯಾಶುವಾಲ್ಟಿಯಲ್ಲಿ ಚೀಟಿ ಬರೆಯುವವರು ಕೇಳುವ ಮೊದಲ ಪ್ರಶ್ನೆ ಇದು. ಕೈಗೆ ಟವೆಲ್ ಸುತ್ತಿಕೊಂಡು ನಿಂತ ಹುಡುಗಿ ಬಾಯಿ ಬಿಡುವ ಮುಂಚೆಯೇ ಪಕ್ಕದಲ್ಲಿರುವ ಚಿಕ್ಕಪ್ಪ ಉತ್ತರ ಕೊಟ್ಟುಬಿಡುತ್ತಾರೆ: "ತರಕಾರಿ ಹೆಚ್ಚೋವಾಗ ಚಾಕು ತಾಗಿಬಿಡ್ತು." ಬೆಂಗಳೂರಿನ ತುರ್ತು ವಿಭಾಗಗಳಲ್ಲಿ ಕೆಲಸ ಮಾಡುವ ಯಾರಿಗೂ ಈ ಉತ್ತರ ಹೊಸದಲ್ಲ. ಗಾಯ ನೋಡಿದ ಡಾಕ್ಟರಿಗೆ ನಿಜ ಗೊತ್ತಾಗುತ್ತದೆ: ಇದು ತಾನೇ ಮಾಡಿಕೊಂಡ ಗಾಯ. ಆದರೆ ಹೊರಗೆ ಇನ್ನೂ ಹತ್ತು ಜನ ಕಾಯುತ್ತಿರುತ್ತಾರೆ, ಮನೆಯವರು ದಯವಿಟ್ಟು ಕೇಳಬೇಡಿ ಎಂಬಂತೆ ನಿಂತಿರುತ್ತಾರೆ. ಹೊಲಿಗೆ ಬೀಳುತ್ತದೆ, ಟಿ.ಟಿ. ಇಂಜೆಕ್ಷನ್ ಆಗುತ್ತದೆ, ಐದು ದಿನದ ಮಾತ್ರೆ ಬರೆದು ಕಳಿಸುತ್ತಾರೆ. ಆಸ್ಪತ್ರೆಗೆ ಬರುವಂತೆ ಮಾಡಿದ ಸಂಕಟ ಮಾತ್ರ ಯಾರ ಬಾಯಲ್ಲೂ ಬರದೆ ಹಾಗೇ ಮನೆಗೆ ವಾಪಸಾಗುತ್ತದೆ.

ಆ ತರಕಾರಿಯ ಸುಳ್ಳಿನ ಬಗ್ಗೆಯೇ ಈ ಬರಹ. ಅದನ್ನು ಹೇಳದೆ ಇದ್ದರೆ ಆಸ್ಪತ್ರೆಯಲ್ಲಿ ಏನೇನು ನಡೆಯಬೇಕು, ನಡೆಯದಿದ್ದರೆ ಏನನ್ನು ಕೇಳಿ ಪಡೆಯಬೇಕು, ಎಲ್ಲಿ ಎಡವಟ್ಟಾಗುತ್ತದೆ ಎನ್ನುವುದನ್ನು ಬರೆಯುತ್ತಿದ್ದೇನೆ. ತಮಗೆ ತಾವೇ ಗಾಯ ಮಾಡಿಕೊಂಡವರೆಲ್ಲ ಸಾಯಲೆಂದೇ ಮಾಡಿಕೊಂಡಿರುವುದಿಲ್ಲ. ಕೆಲವರಿಗೆ ತಡೆಯಲಾರದ ಸಂಕಟ ಒಂದು ಗಳಿಗೆಯಾದರೂ ಕಡಿಮೆಯಾದರೆ ಸಾಕಾಗಿರುತ್ತದೆ. ಕೆಲವರಿಗೆ ತಮಗೇನು ಬೇಕಿತ್ತು ಎಂದು ಅವರಿಗೇ ಗೊತ್ತಿರುವುದಿಲ್ಲ. ಇಬ್ಬರಿಗೂ ಆಸ್ಪತ್ರೆಯ ಆರೈಕೆ ಬೇಕು.

ಓದುತ್ತಿರುವ ನೀವೇ ಈಗ ಆ ಸಂಕಟದಲ್ಲಿದ್ದರೆ ಉಳಿದದ್ದನ್ನು ಆಮೇಲೆ ಓದಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಗಾಯವಾಗಿದ್ದರೆ ಅಥವಾ ಏನಾದರೂ ನುಂಗಿದ್ದರೆ 108.

ಮೊದಲು ಮನೆಯಲ್ಲಿ ಆಗುವ ತಪ್ಪುಗಳು. ರಕ್ತ ಬರುತ್ತಿದ್ದರೆ ಒಗೆದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಗಾಯದ ಮೇಲಿಟ್ಟು, ಅಂಗೈಯಿಂದ ಒತ್ತಿ ಹಿಡಿಯಿರಿ, ಗಡಿಯಾರ ನೋಡಿಕೊಂಡು ಪೂರ್ತಿ 10 ನಿಮಿಷ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡುವುದರಿಂದಲೇ ಎಷ್ಟೋ ಜನರಿಗೆ ರಕ್ತ ನಿಲ್ಲುವುದಿಲ್ಲ, ಹೆಪ್ಪುಗಟ್ಟಿದ್ದು ಬಟ್ಟೆಯ ಜೊತೆ ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದನ್ನಿಡಿ. ಅರಿಶಿನ, ಕಾಫಿಪುಡಿ ಬೇಡ. ಹೊಲಿಗೆ ಹಾಕುವವರು ಅದನ್ನು ಒಂದೊಂದೇ ಕಣ ತೊಳೆದು ತೆಗೆಯಬೇಕಾಗುತ್ತದೆ, ಆ ನೋವು ಅನುಭವಿಸುವುದು ಗಾಯವಾದವರು. ಸುಟ್ಟಿದ್ದರೆ ನಲ್ಲಿಯ ಹರಿಯುವ ನೀರು 20 ನಿಮಿಷ. ಐಸ್, ಟೂತ್‌ಪೇಸ್ಟ್ ಬೇಡ.

ಏನಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆಹಣ್ಣಿನ ನೀರು, ಮೊಟ್ಟೆ, ಗಂಟಲಿಗೆ ಬೆರಳು ಯಾವುದೂ ಬೇಡ. ವಾಂತಿಯಾದದ್ದು ಶ್ವಾಸಕೋಶಕ್ಕೆ ಹೋದರೆ ನುಂಗಿದ್ದಕ್ಕಿಂತ ದೊಡ್ಡ ತೊಂದರೆ ಅದೇ ಆಗಬಹುದು. ಮಂಪರಿನಲ್ಲಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಕಸದಬುಟ್ಟಿಯಲ್ಲಿರುವ ಖಾಲಿ ಸ್ಟ್ರಿಪ್, ಬಾಟಲಿ, ಔಷಧಿ ಚೀಟಿ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ಯಾವಾಗ ನುಂಗಿದ್ದು ಎಂಬ ಸಮಯವನ್ನು ಗೊತ್ತಿದ್ದಷ್ಟು ನಿಖರವಾಗಿ ಬರೆದಿಟ್ಟುಕೊಳ್ಳಿ. "ಚೆನ್ನಾಗೇ ಮಾತಾಡ್ತಿದ್ದಾನಲ್ಲ, ಬೆಳಿಗ್ಗೆ ನೋಡೋಣ" ಎನ್ನುವುದು ಅತಿ ದುಬಾರಿಯಾಗುವ ಮಾತು. ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ ಕೆಲವು ಮಾತ್ರೆಗಳ ಪರಿಣಾಮ ಮೊದಲ ದಿನ ಹೊರಗೆ ಕಾಣುವುದೇ ಇಲ್ಲ, ಎರಡನೆಯ, ಮೂರನೆಯ ದಿನ ಯಕೃತ್ತಿನ ಮೇಲೆ ಕಾಣುತ್ತದೆ. ಮೊದಲ ಗಂಟೆಗಳಲ್ಲೇ ಕೊಟ್ಟರೆ ತುಂಬ ಚೆನ್ನಾಗಿ ಕೆಲಸ ಮಾಡುವ ಪ್ರತಿವಿಷ ತಡವಾದಷ್ಟೂ ಕೈಕೊಡುತ್ತದೆ.

ಯಾವ ಆಸ್ಪತ್ರೆಗೆ? ಬೆಂಗಳೂರಿನವರಿಗೆ ಥಟ್ಟನೆ ನೆನಪಾಗುವುದು ಹೊಸೂರು ರಸ್ತೆಯ ನಿಮ್ಹಾನ್ಸ್. ಮನಸ್ಸಿನ ತುರ್ತಿಗೆ ಅಲ್ಲಿ ರಾತ್ರಿ ಹಗಲೂ ಬಾಗಿಲು ತೆರೆದಿರುತ್ತದೆ, ನಿಜ. ಆದರೆ ರಕ್ತ ಸುರಿಯುತ್ತಿದ್ದರೆ, ಸುಟ್ಟಿದ್ದರೆ, ಏನಾದರೂ ನುಂಗಿದ್ದರೆ ಮೊದಲು ಬೇಕಾಗಿರುವುದು ಜನರಲ್ ಆಸ್ಪತ್ರೆ, ಅದರಲ್ಲೂ ಹತ್ತಿರದ್ದು. ಯಲಹಂಕದಿಂದಲೋ ಕೆಂಗೇರಿಯಿಂದಲೋ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಳೆದು ನಿಮ್ಹಾನ್ಸ್ ತಲುಪಿ, ಅಲ್ಲಿಂದ ಮತ್ತೆ ಇನ್ನೊಂದು ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಕಳೆದುಹೋದ ಸಮಯ ವಾಪಸ್ ಬರುವುದಿಲ್ಲ. ವಿಕ್ಟೋರಿಯಾ, ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್, ಸೇಂಟ್ ಜಾನ್ಸ್, ಇಲ್ಲವೇ ಮನೆಗೆ ಹತ್ತಿರವಿರುವ ಯಾವುದಾದರೂ ದೊಡ್ಡ ಖಾಸಗಿ ಆಸ್ಪತ್ರೆ. ದೇಹ ಸ್ಥಿರವಾದ ಮೇಲೆ ಅಲ್ಲಿನ ಮನೋವೈದ್ಯರೇ ನೋಡುತ್ತಾರೆ, ಬೇಕಿದ್ದರೆ ನಿಮ್ಹಾನ್ಸಿಗೆ ಪತ್ರ ಕೊಡುತ್ತಾರೆ. ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ಆದರೆ ಪ್ರಥಮ ಚಿಕಿತ್ಸೆಗೆ ಸರಿ, ಆದರೆ ಅಲ್ಲಿ ಮನೋವೈದ್ಯರು ಇರುವುದಿಲ್ಲ. ಹೊರಡುವಾಗ ರೆಫರಲ್ ಪತ್ರ ಕೇಳಿ ಪಡೆಯಬೇಕು.

ಇನ್ನು ಆ ಸುಳ್ಳಿಗೆ ಕಾರಣವಾದ ಭಯ. ಎಂ.ಎಲ್.ಸಿ., ಅಂದರೆ ಮೆಡಿಕೋ-ಲೀಗಲ್ ಕೇಸ್. "ಎಂ.ಎಲ್.ಸಿ. ಆದ್ರೆ ಪೊಲೀಸ್ ಕೇಸ್ ಆಗತ್ತೆ, ಹುಡುಗೀಗೆ ಮದುವೆ ಆಗಲ್ಲ, ಹುಡುಗನಿಗೆ ಪಾಸ್‌ಪೋರ್ಟ್ ಸಿಗಲ್ಲ." ಈ ಮಾತು ಎಷ್ಟು ಮನೆಗಳಲ್ಲಿ ಎಷ್ಟು ಜನರ ಚಿಕಿತ್ಸೆ ತಪ್ಪಿಸಿದೆಯೋ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಎಂ.ಎಲ್.ಸಿ. ಎಂದರೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಆಗುವ ಒಂದು ದಾಖಲೆ. ಹೆಸರು, ವಿಳಾಸ, ಕರೆತಂದವರು ಯಾರು, ಎಷ್ಟು ಹೊತ್ತಿಗೆ, ದೇಹದ ಮೇಲಿನ ಎರಡು ಗುರುತಿನ ಮಚ್ಚೆ, ಗಾಯದ ಅಳತೆ, ಏನಾಯಿತೆಂದು ಹೇಳಿದ್ದು. ಇಷ್ಟು ಬರೆದು ಆಸ್ಪತ್ರೆಯವರು ಸಂಬಂಧಪಟ್ಟ ಪೊಲೀಸ್ ಠಾಣೆಗೆ ತಿಳಿಸುತ್ತಾರೆ. ಅಲ್ಲಿಂದ ಒಬ್ಬರು ಬಂದು ಹೇಳಿಕೆ ಬರೆದುಕೊಳ್ಳಬಹುದು. ಇದು ಎಫ್.ಐ.ಆರ್. ಅಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸಬೇಕು, ಬೇರೆ ರೀತಿ ಎಂದು ಸಾಬೀತಾಗದ ಹೊರತು ವಿಚಾರಣೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಅದೇ ಕಲಂ, ಅಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಎಂದೂ ಹೇಳುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಆಮೇಲೆ 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ, ಜನ ಹೆದರುತ್ತಿದ್ದ ಹಳೆಯ 309ನೇ ಕಲಮಿಗೆ ಹೊಸ ಸಂಹಿತೆಯಲ್ಲಿ ಜಾಗವಿಲ್ಲ. ಸರ್ಕಾರಿ ನೌಕರರನ್ನು ಅವರ ಕೆಲಸದ ವಿಷಯದಲ್ಲಿ ಒತ್ತಾಯಿಸಲು ಅಥವಾ ತಡೆಯಲು ಮಾಡುವ ಆತ್ಮಹತ್ಯೆ ಯತ್ನಕ್ಕೆ ಮಾತ್ರ ಒಂದು ಕಲಂ ಇದೆ. ಅದು ಇಲ್ಲಿ ಮಾತಾಡುತ್ತಿರುವ ಯಾರಿಗೂ ಸಂಬಂಧಿಸಿದ್ದಲ್ಲ.

"ಪೊಲೀಸರು ಬರಲಿ, ಆಮೇಲೆ ನೋಡ್ತೀವಿ" ಎಂದು ಯಾವ ಆಸ್ಪತ್ರೆಯೂ ಚಿಕಿತ್ಸೆ ತಡೆಹಿಡಿಯುವಂತಿಲ್ಲ. 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ, ಸರ್ಕಾರಿ ಆಸ್ಪತ್ರೆಗೂ ಖಾಸಗಿಗೂ ಒಂದೇ ಮಾತು. ಎಂ.ಎಲ್.ಸಿ. ದಾಖಲೆಯಿಂದ ಉಪಯೋಗವೂ ಇದೆ. ಗಂಡನ ಮನೆಯ ಹಿಂಸೆ, ಸಾಲ ವಸೂಲಿಯವರ ಕಾಟ, ಮಗುವಿನ ಮೇಲಿನ ದೌರ್ಜನ್ಯ ಇಂಥದ್ದೇನಾದರೂ ಹಿಂದೆ ಇದ್ದರೆ ಅಂದು ಬರೆದ ಆ ನಾಲ್ಕು ಸಾಲು ಮುಂದೆ ದೊಡ್ಡ ಆಧಾರ. "ತರಕಾರಿ ಹೆಚ್ಚುವಾಗ" ಎಂದು ಬರೆಸಿದ್ದರೆ ಆ ಆಧಾರ ಹೋಯಿತು.

ಸುಳ್ಳಿನ ಇನ್ನೊಂದು ನಷ್ಟ ಗಾಯದಲ್ಲೇ ಇದೆ. ಹೇಗಾಯಿತು ಎಂದು ಗೊತ್ತಿದ್ದರೆ ಡಾಕ್ಟರು ಇನ್ನೊಂದು ಕಡೆಯೂ ನೋಡುತ್ತಾರೆ, ತೋಳು ಮೇಲೆತ್ತಿ ಹಳೆಯ ಗಾಯಗಳಿವೆಯೇ ಎಂದು ಕೇಳುತ್ತಾರೆ, ಇದರ ಜೊತೆಗೆ ಮಾತ್ರೆ ಏನಾದರೂ ನುಂಗಿದ್ದೀಯಾ ಎಂದು ಕೇಳುತ್ತಾರೆ. ಕೊನೆಯ ಪ್ರಶ್ನೆ ಕೇಳದೆ ಕಳಿಸಿದ್ದರಿಂದ ಆಗುವ ಅನಾಹುತ ಸಣ್ಣದಲ್ಲ. ಗಾಯ ಎದ್ದು ಕಾಣುತ್ತದೆ, ಮಾತ್ರೆ ಕಾಣುವುದಿಲ್ಲ.

ಹೊಲಿಗೆ ಹಾಕುವ ಆ ಇಪ್ಪತ್ತು ನಿಮಿಷವನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಆಸ್ಪತ್ರೆ ಈ ವ್ಯಕ್ತಿಯನ್ನು ಹೇಗೆ ಕಾಣುತ್ತದೆ ಎನ್ನುವುದು ಅಲ್ಲೇ ತಿಳಿದುಬಿಡುತ್ತದೆ. ಕೈಗೆ ಆದ ಗಾಯವಾದರೆ ಮೊದಲು ಒಂದೊಂದೇ ಬೆರಳನ್ನು ಮಡಚಿ, ಚಾಚಿ ತೋರಿಸಲು ಹೇಳಬೇಕು. ಬೆರಳನ್ನು ಎಳೆಯುವ ಹುರಿಯಂಥ ಟೆಂಡನ್ ತುಂಡಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಬೆರಳ ತುದಿಗಳಿಗೆ ಹತ್ತಿ ಸೋಕಿಸಿ, ಕಣ್ಣು ಮುಚ್ಚಿಸಿ, "ಗೊತ್ತಾಗ್ತಿದೆಯಾ" ಎಂದು ಕೇಳಬೇಕು. ಇದು ನರಕ್ಕೆ. ಉಗುರನ್ನು ಒತ್ತಿ ಬಿಟ್ಟಾಗ ಬೇಗ ಕೆಂಪು ಮರಳುತ್ತಿದೆಯೇ ನೋಡಬೇಕು. ಇದು ರಕ್ತನಾಳಕ್ಕೆ. ಇದೆಲ್ಲ ಮರಗಟ್ಟಿಸುವ ಇಂಜೆಕ್ಷನ್‌ಗೆ ಮುಂಚೆಯೇ ಆಗಬೇಕು, ಮರಗಟ್ಟಿದ ಮೇಲೆ ಹತ್ತಿ ಸೋಕಿಸಿ ಪ್ರಯೋಜನವಿಲ್ಲ. ಇದನ್ನು ಬಿಟ್ಟು ಮೇಲಿನ ಚರ್ಮ ಹೊಲಿದು ಕಳಿಸಿದರೆ, ತಿಂಗಳ ನಂತರ ಹೆಬ್ಬೆರಳು ಮಡಚಲಾರದೆ ಬರುತ್ತಾರೆ. ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಆಮೇಲೆ ಲಿಗ್ನೊಕೇನ್, ಅದೇ ಮರಗಟ್ಟಿಸುವ ಇಂಜೆಕ್ಷನ್. ಗಾಯದ ಅಂಚಿಗೆ ಚುಚ್ಚಿ, ಎರಡು ಮೂರು ನಿಮಿಷ ಕಾದು, ಮರಗಟ್ಟಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಸಲೈನ್‌ನಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಹೊಲಿಗೆ. ಇದನ್ನು ಬರೆಯಬೇಕಾಗಿ ಬಂದಿರುವುದಕ್ಕೆ ಬೇಸರವಿದೆ, ಆದರೂ ಬರೆಯಲೇಬೇಕು: "ತಾನೇ ಮಾಡ್ಕೊಂಡಿದ್ದಲ್ವಾ, ಈಗ ನೋವು ಗೊತ್ತಾಗ್ಲಿ" ಎಂದು ಮರಗಟ್ಟಿಸದೆ ಹೊಲಿಯುವುದು ಕ್ರೌರ್ಯ. ಯಾವ ವೈದ್ಯಕೀಯ ಪುಸ್ತಕದಲ್ಲೂ ಅದಕ್ಕೆ ಸಮರ್ಥನೆಯಿಲ್ಲ. ಅಂಥ ಪಾಠ ಕಲಿತವರು ಮುಂದಿನ ಸಲ ಗಾಯವಾದಾಗ ಆಸ್ಪತ್ರೆಗೇ ಬರುವುದಿಲ್ಲ. ಕಲಿಯುವ ಪಾಠ ಅದೊಂದೇ. ಅನುಮಾನವಿದ್ದರೆ ಮನೆಯವರು "ಮರಗಟ್ಟೋ ಇಂಜೆಕ್ಷನ್ ಕೊಟ್ಟಿದ್ದೀರಾ ಸಿಸ್ಟರ್?" ಎಂದು ಕೇಳಬಹುದು. ಕೇಳಿದರೆ ತಪ್ಪಿಲ್ಲ.

ನುಂಗಿದವರ ವಿಷಯದಲ್ಲೂ ಇಂಥದ್ದೇ ಒಂದು ತಪ್ಪು ನಂಬಿಕೆ ಇದೆ, ಹೊಟ್ಟೆ ತೊಳೆಯದಿದ್ದರೆ ಚಿಕಿತ್ಸೆಯೇ ಆಗಲಿಲ್ಲ ಎಂದು. ಬಾಯಿಯಿಂದಲೋ ಮೂಗಿನಿಂದಲೋ ನಳಿಗೆ ಹಾಕಿ ಹೊಟ್ಟೆ ತೊಳೆಯುವುದು ನುಂಗಿ ಹೆಚ್ಚು ಹೊತ್ತಾಗದೆ ಇದ್ದಾಗ, ಆಯ್ದ ಕೆಲವರಿಗೆ ಮಾತ್ರ ಉಪಯೋಗ. ಸುಡುವಂಥ ರಾಸಾಯನಿಕವಾದರೆ ಮಾಡಲೇಬಾರದು. ಡಾಕ್ಟರು ಬೇಡವೆಂದರೆ ಒತ್ತಾಯಿಸಬೇಡಿ. ಇಲ್ಲಿ ನಿಜವಾಗಿ ಬೇಕಾಗುವುದು ತಾಳ್ಮೆ: ನಾಡಿ, ಬಿ.ಪಿ., ಆಮ್ಲಜನಕ, ಸಕ್ಕರೆ, ಇ.ಸಿ.ಜಿ., ರಕ್ತಪರೀಕ್ಷೆ, ಕೆಲವು ಗಂಟೆ ಬಿಟ್ಟು ಮತ್ತೆ ರಕ್ತಪರೀಕ್ಷೆ. "ಬೆಳಿಗ್ಗೇನೇ ತೆಗೆದ್ರಲ್ಲ, ಮತ್ತೆ ಯಾಕೆ, ಬಿಲ್ ಮಾಡೋಕಾ?" ಎಂದು ಮನೆಯವರು ಸಿಡುಕುವುದು ಈ ಎರಡನೆಯ ಸಲಕ್ಕೇ. ನಿಜಕ್ಕೂ ಮುಖ್ಯವಾದದ್ದು ಆ ಎರಡನೆಯದೇ.

ಈಗ ಬಹುತೇಕ ಕಡೆ ತಪ್ಪಿಹೋಗುವ ಭಾಗಕ್ಕೆ ಬರೋಣ. ಮಾತು. ಆಸ್ಪತ್ರೆಯ ಭಾಷೆಯಲ್ಲಿ ಇದಕ್ಕೆ ಸೈಕಿಯಾಟ್ರಿ ಒಪೀನಿಯನ್ ಎನ್ನುತ್ತಾರೆ. ಹೆಸರಿಗೆ ತಕ್ಕಂತೆ ಕೇಸ್ ಶೀಟಿನಲ್ಲಿ ಎರಡು ಸಾಲು ಬರೆದು ಮುಗಿಸುವುದೂ ಉಂಟು. ಸರಿಯಾಗಿ ಮಾಡಿದರೆ ಇದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ದೇಹದ ಚಿಕಿತ್ಸೆ ಪೂರ್ತಿ ಮುಗಿಯಲಿ ಎಂದು ಕಾಯಬೇಕಿಲ್ಲ, ವ್ಯಕ್ತಿ ಮಾತಾಡುವ ಸ್ಥಿತಿಯಲ್ಲಿದ್ದರೆ ಡ್ರಿಪ್ ಓಡುತ್ತಿರುವಾಗಲೇ ಆಗಬಹುದು. ಆದರೆ ಮರೆ ಬೇಕು. ಪರದೆ ಎಳೆದರೆ ಅದು ಮರೆಯಲ್ಲ, ಪಕ್ಕದ ಹಾಸಿಗೆಯ ಅಜ್ಜಿಗೆ ಎಲ್ಲ ಕೇಳಿಸುತ್ತದೆ. ಡ್ರೆಸ್ಸಿಂಗ್ ರೂಮು ಖಾಲಿಯಿದ್ದರೆ ಅದೇ ಸಾಕು. ಮನೆಯವರು ಸ್ವಲ್ಪ ಹೊತ್ತು ಹೊರಗಿರಬೇಕು, ಮನೆಯವರ ಜೊತೆಗಿನ ಮಾತು ಬೇರೆಯಾಗಿ ನಡೆಯಬೇಕು. "ನಮ್ಮ ಹತ್ರ ಮುಚ್ಚಿಡೋಂಥದ್ದು ಏನೂ ಇಲ್ಲ" ಎನ್ನುವ ತಂದೆಯ ಎದುರು ಹದಿನೇಳರ ಹುಡುಗ ಏನೂ ಹೇಳುವುದಿಲ್ಲ.

ಏನು ಕೇಳುತ್ತಾರೆ? ಅಂದು ಬೆಳಿಗ್ಗೆಯಿಂದ ಏನೇನಾಯಿತು. ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿತ್ತು, ಸಾಯಬೇಕು ಅನ್ನಿಸಿತ್ತೇ, ಸಂಕಟ ನಿಂತರೆ ಸಾಕಿತ್ತೇ. ಈಗ, ಬದುಕಿ ಕೂತಿರುವಾಗ, ಹೇಗನ್ನಿಸುತ್ತಿದೆ. ನಿದ್ದೆ, ಊಟ, ಕುಡಿತ. ಮನೆಯಲ್ಲಿ ಹೊಡೆತ ಇದೆಯೇ. ಸಾಲ ಇದೆಯೇ. ಯಾರ ಹತ್ತಿರ ಹೇಳಿಕೊಳ್ಳುತ್ತೀಯ. ಇದುವರೆಗೆ ತಡೆದು ನಿಲ್ಲಿಸಿದ್ದು ಏನು. ಸಾವಿನ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಮನೆಯವರಿಗೂ ಇದೆ, ಎಷ್ಟೋ ಡಾಕ್ಟರುಗಳಿಗೂ ಇದೆ. ಅದು ಸುಳ್ಳು. ಯಾರೋ ಕೊನೆಗೂ ಕೇಳಿದರಲ್ಲ ಎಂದು ಜನ ಉಸಿರು ಬಿಡುತ್ತಾರೆ.

ಇಲ್ಲಿ ಒಂದು ಮಾತು ಡಾಕ್ಟರುಗಳಿಗೂ ನರ್ಸ್‌ಗಳಿಗೂ. ಹತ್ತು ಪ್ರಶ್ನೆಯ ಫಾರಂ ತುಂಬಿ, ಅಂಕ ಕೂಡಿಸಿ, "ಲೋ ರಿಸ್ಕ್" ಎಂದು ಬರೆದು ಮನೆಗೆ ಕಳಿಸುವ ಪದ್ಧತಿಯಲ್ಲಿ ಹುರುಳಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ, ಮುಂದೆ ಯಾರು ಮತ್ತೆ ಗಾಯ ಮಾಡಿಕೊಳ್ಳುತ್ತಾರೆಂದು ಊಹಿಸಲು ಇಂಥ ಫಾರಂ ಬಳಸಬೇಡಿ, ಯಾರಿಗೆ ಚಿಕಿತ್ಸೆ ಕೊಡಬೇಕೆಂದು ಅದರ ಮೇಲೆ ತೀರ್ಮಾನಿಸಬೇಡಿ ಎಂದು ನೇರವಾಗಿ ಹೇಳಿದೆ. ಗಾಯ ಎಷ್ಟು ಆಳ ಎನ್ನುವುದರಿಂದ ಸಂಕಟ ಎಷ್ಟು ಆಳ ಎಂದು ಅಳೆಯಲಾಗದು. ಮೂರನೆಯ ಸಲ, ನಾಲ್ಕನೆಯ ಸಲ ಬಂದವರನ್ನು ಕಂಡು "ಮತ್ತೆ ಬಂದ್ಲು, ಇವಳದ್ದು ಅಟೆನ್ಷನ್‌ಗೆ" ಎನ್ನುವುದು ಅತ್ಯಂತ ಅಪಾಯದ ಮಾತು. ಪದೇ ಪದೇ ಗಾಯ ಮಾಡಿಕೊಳ್ಳುವವರ ಜೀವಕ್ಕೇ ಅಪಾಯ ಹೆಚ್ಚು. ಗಮನಕ್ಕಾಗಿಯೇ ಎಂದಿಟ್ಟುಕೊಂಡರೂ, ಅಷ್ಟು ಬೆಲೆ ತೆತ್ತು ಕೇಳುತ್ತಿರುವವರಿಗೆ ಗಮನ ಕೊಡುವುದಲ್ಲವೇ ನಮ್ಮ ಕೆಲಸ.

ವಾರ್ಡಿಗೆ ಸೇರಿಸಿದರೆ ನರ್ಸಿಂಗ್ ಸ್ಟೇಷನ್ ಎದುರಿನ ಹಾಸಿಗೆ ಕೇಳಿ. ಮೊದಲ ರಾತ್ರಿಗಳಲ್ಲಿ ಒಬ್ಬರು ಸದಾ ಜೊತೆಗಿರಬೇಕು. ತಪ್ಪುವುದು ಪಾಳಿ ಬದಲಾಗುವ ಹೊತ್ತಿನಲ್ಲಿ: ಹಳೆಯ ಸಿಸ್ಟರ್ ವರದಿ ಒಪ್ಪಿಸುತ್ತಿರುತ್ತಾರೆ, ಹೊಸಬರು ಇನ್ನೂ ರೌಂಡ್ಸ್ ಶುರು ಮಾಡಿರುವುದಿಲ್ಲ, ಜೊತೆಗಿದ್ದ ಅಣ್ಣ ತಿಂಡಿಗೆ ಇಳಿದಿರುತ್ತಾನೆ. ಆ ಅರ್ಧ ಗಂಟೆ ಎಲ್ಲಿಗೂ ಹೋಗಬೇಡಿ. ಚೀಲದಲ್ಲಿರುವ ವಸ್ತುಗಳನ್ನು ತೆಗೆದಿಡುವುದಾದರೆ ಹೇಳಿ ತೆಗೆದಿಡಿ, "ಇವತ್ತು ನಿನ್ನ ಸುರಕ್ಷತೆಗೆ, ನಾಳೆ ವಾಪಸ್ ಕೊಡ್ತೀನಿ" ಎಂದು. ಕದ್ದು ತೆಗೆದರೆ ನಂಬಿಕೆ ಹೋಗುತ್ತದೆ. ಮಂಚಕ್ಕೆ ಕಟ್ಟಿಹಾಕುವುದು ಕಾವಲಲ್ಲ. ಬೇರೆ ದಾರಿಯೇ ಇಲ್ಲದಾಗ ಮನೋವೈದ್ಯರ ಒಪ್ಪಿಗೆಯಲ್ಲಿ, ಕಾರಣ ದಾಖಲಿಸಿ, ಅಗತ್ಯವಿದ್ದಷ್ಟು ಹೊತ್ತು ಮಾತ್ರ ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಕೈ ಸಾಲದು ಎಂಬುದು ಕಾರಣವಲ್ಲ.

ನೋಡಲು ಬರುವ ನೆಂಟರನ್ನು ಮೊದಲ ಎರಡು ದಿನ ತಡೆಯಿರಿ. "ಅಪ್ಪ ಅಮ್ಮನ ಮುಖ ನೋಡ್ಬಾರ್ದಿತ್ತಾ", "ನಿನಗೇನು ಕಡಿಮೆ ಮಾಡಿದ್ವಿ" ಎಂಬ ಮಾತು ಆ ಹಾಸಿಗೆಯ ಪಕ್ಕ ಬೇಡ. ಏನು ಮಾತಾಡಬೇಕೋ ತಿಳಿಯದಿದ್ದರೆ "ನೋವಿದೆಯಾ? ಏನಾದ್ರೂ ತಿಂತೀಯಾ?" ಎಂದು ಕೇಳಿ ಸುಮ್ಮನೆ ಪಕ್ಕದಲ್ಲಿ ಕೂರಿ. ಸಾಕು.

ಬೆಂಗಳೂರಿನಲ್ಲಿ ಕರೆತರುವವರು ಬಹಳ ಸಲ ಮನೆಯವರಲ್ಲ, ಪಿ.ಜಿ.ಯ ರೂಮ್‌ಮೇಟು, ಹಾಸ್ಟೆಲ್ ವಾರ್ಡನ್, ಆಫೀಸಿನ ಸ್ನೇಹಿತ. ರಾಯಚೂರಿನಲ್ಲೋ ಹಾಸನದಲ್ಲೋ ಇರುವ ತಂದೆತಾಯಿ ಬರುವವರೆಗೆ ಚಿಕಿತ್ಸೆ ನಿಲ್ಲುವುದಿಲ್ಲ. ಜೀವಕ್ಕೆ ಅಪಾಯವಿದ್ದಾಗ 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಲು ಅದೇ ಕಾಯ್ದೆಯ 94ನೇ ಕಲಂ ಅವಕಾಶ ಕೊಡುತ್ತದೆ. ಹದಿನೆಂಟು ತುಂಬಿದವರು ತಮ್ಮ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ತಾವೇ ಆರಿಸಿಕೊಳ್ಳಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿದರೆ ಆಯಿತು, ಸ್ನೇಹಿತೆಯನ್ನೂ ಆರಿಸಬಹುದು. ಮನೆಯಲ್ಲೇ ಹಿಂಸೆ ಇರುವವರಿಗೆ ಇದು ದೊಡ್ಡ ಆಸರೆ. ಊರಿಗೆ ತಿಳಿಸಬೇಕೇ, ಯಾರಿಗೆ, ಯಾವ ಮಾತುಗಳಲ್ಲಿ ಎಂದು ಅವರನ್ನೇ ಕೇಳಿ ಫೋನ್ ಮಾಡಿ.

ರಜೆಗೆ ಆಫೀಸಿನವರು ಕಾಗದ ಕೇಳುತ್ತಾರೆ. ಡಿಸ್ಚಾರ್ಜ್ ಸಮರಿಯನ್ನು ಎಚ್.ಆರ್.ಗೆ ಮೇಲ್ ಮಾಡಬೇಡಿ. ಇಷ್ಟು ದಿನ ಚಿಕಿತ್ಸೆಯಲ್ಲಿದ್ದರು, ಇಂಥ ದಿನದಿಂದ ಕೆಲಸಕ್ಕೆ ಬರಬಹುದು ಎಂದಷ್ಟೇ ಇರುವ ಪ್ರತ್ಯೇಕ ಸರ್ಟಿಫಿಕೇಟ್ ಕೇಳಿ. ಗೋಪ್ಯತೆ ಅದೇ ಕಾಯ್ದೆಯ 23ನೇ ಕಲಮಿನಲ್ಲಿರುವ ಹಕ್ಕು.

ಹೊರಡುವ ಮುಂಚೆ ಇನ್ನೊಂದು ಕೆಲಸ ಉಳಿದಿರುತ್ತದೆ. ಸುರಕ್ಷತೆಯ ಚೀಟಿ. ಅರ್ಧ ಹಾಳೆ ಸಾಕು, ವ್ಯಕ್ತಿಯೇ ಬರೆಯಬೇಕು, ಅವರ ಭಾಷೆಯಲ್ಲೇ, ಆರು ಪ್ರಶ್ನೆಗೆ ಉತ್ತರ. ಹೀಗಿರಬಹುದು:

ಸಂಕಟ ಏರುತ್ತಿದೆ ಎಂದು ಹೇಗೆ ಗೊತ್ತಾಗುತ್ತೆ: ಊಟ ಬಿಡ್ತೀನಿ. ರಾತ್ರಿ 11 ಆದ್ಮೇಲೂ ಹಳೇ ಮೆಸೇಜ್ ಓದ್ತಾ ಕೂರ್ತೀನಿ.
ನಾನೊಬ್ಬಳೇ ಏನು ಮಾಡಬಹುದು: ತಣ್ಣೀರಲ್ಲಿ ಮುಖ ತೊಳೆದು, ಹಾಡು ಹಾಕಿ, ಬಟ್ಟೆ ಮಡಚೋದು.
ಜನರ ನಡುವೆ ಎಲ್ಲಿ ಕೂರಬಹುದು: ಕೆಳಗಿನ ದರ್ಶಿನಿ. ತಡವಾಗಿದ್ರೆ ಹಾಲ್‌ನಲ್ಲಿ ಟಿ.ವಿ. ಮುಂದೆ.
ಯಾರ ಹತ್ರ ಹೇಳ್ಕೊಳ್ಳೋದು: ಅಕ್ಕ. ಅಮ್ಮ ಬೇಡ, ಗಾಬರಿ ಆಗ್ತಾಳೆ. ಅಕ್ಕ ಫೋನ್ ಎತ್ತದಿದ್ರೆ ರೂಮ್‌ಮೇಟ್.
ಯಾವ ಆಸ್ಪತ್ರೆ, ಯಾವ ನಂಬರ್: 14416. ಓ.ಪಿ.ಡಿ. ಚೀಟಿ ಪರ್ಸಲ್ಲಿದೆ.
ರೂಮಲ್ಲಿ ಏನು ಬದಲಾಯಿಸಬೇಕು: ಮಾತ್ರೆ ಡಬ್ಬಿ ರೂಮ್‌ಮೇಟ್ ಹತ್ರ.

"ಧೈರ್ಯವಾಗಿರುತ್ತೇನೆ", "ಪಾಸಿಟಿವ್ ಆಗಿ ಯೋಚಿಸುತ್ತೇನೆ" ಎಂದು ಬರೆದಿದ್ದರೆ ಚೀಟಿ ಆಗಿಲ್ಲ ಎಂದರ್ಥ, ಮತ್ತೆ ಕೂರಬೇಕು. ಡಾಕ್ಟರೇ ಇಂಗ್ಲಿಷಿನಲ್ಲಿ ಬರೆದುಕೊಟ್ಟರೂ ಆಗಿಲ್ಲ. ಬರೆದ ಮೇಲೆ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಲಿ, ಅಕ್ಕನಿಗೂ ರೂಮ್‌ಮೇಟಿಗೂ ಒಂದೊಂದು ಕಳಿಸಲಿ. ಚೀಟಿಯಲ್ಲಿ ತಮ್ಮ ಹೆಸರಿದೆ ಎಂದು ಅವರಿಗೆ ಗೊತ್ತಿರಬೇಕು.

ಇದರ ಬದಲು ಮನೆಗಳಲ್ಲಿ ನಡೆಯುವುದು ಆಣೆ. "ನನ್ನ ತಲೆ ಮೇಲೆ ಕೈಯಿಟ್ಟು ಹೇಳು, ಇನ್ಮೇಲೆ ಹೀಗೆ ಮಾಡಲ್ಲ ಅಂತ." ತಾಯಿಯ ಕರುಳಿನ ಮಾತದು, ತಪ್ಪೆನ್ನಲು ಬಾಯಿ ಬರುವುದಿಲ್ಲ. ಆದರೆ ಆಣೆ ಮಾಡಿದವರಿಗೆ ಹದಿನೈದು ದಿನದ ಮೇಲೆ ಮತ್ತೆ ಅದೇ ಯೋಚನೆ ಬಂದರೆ ಅದನ್ನು ಹೇಳಿಕೊಳ್ಳುವ ದಾರಿಯೇ ಮುಚ್ಚಿಹೋಗಿರುತ್ತದೆ. ಹೇಳಿದರೆ ಆಣೆ ಮುರಿದಂತೆ. ಅದರ ಬದಲು "ಮತ್ತೆ ಹಾಗನ್ನಿಸಿದ್ರೆ ಎಷ್ಟು ಹೊತ್ತಿಗಾದ್ರೂ ಎಬ್ಬಿಸು, ಬೈಯಲ್ಲ" ಎಂದು ತಾಯಿಯೇ ಮಾತು ಕೊಟ್ಟರೆ ಹೆಚ್ಚು ಉಪಯೋಗ. ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದರೆ ಹೋಗಿಬನ್ನಿ, ಓ.ಪಿ.ಡಿ. ತಾರೀಖು ಮಾತ್ರ ತಪ್ಪದಂತೆ ನೋಡಿಕೊಳ್ಳಿ.

ಮಾತ್ರೆ ಬರೆದಿದ್ದರೆ ಒಂದೇ ಸಲಕ್ಕೆ ತಿಂಗಳದ್ದು ಬೇಡ, ವಾರದ್ದಷ್ಟೇ ಬರೆಯಿರಿ ಎಂದು ಕೇಳಿ. ಮನೆಯಲ್ಲಿ ಅಜ್ಜನ ಬಿ.ಪಿ., ಸಕ್ಕರೆ ಮಾತ್ರೆ ಸೇರಿದಂತೆ ಎಲ್ಲ ಔಷಧಿ ಒಂದು ಬೀಗದ ಪೆಟ್ಟಿಗೆಯಲ್ಲಿರಲಿ, ಬೀಗದ ಕೈ ಒಬ್ಬರ ಹತ್ತಿರ. ಉಳಿದ ಹಳೆಯ ಮಾತ್ರೆ ಮನೆಯಿಂದ ಹೊರಗೆ ಹಾಕಿ. ಇದು ಅಪನಂಬಿಕೆ ಎಂದುಕೊಳ್ಳಬೇಡಿ. ತೀವ್ರ ಸಂಕಟದ ಅಲೆ ಬಹಳ ಸಲ ಕೆಲವೇ ನಿಮಿಷ, ಕೆಲವೇ ಗಂಟೆಯದ್ದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಅಲೆ ದಾಟಿಹೋಗುತ್ತದೆ.

ಬಿಲ್ ಭಯಕ್ಕೋ ಮಾನದ ಭಯಕ್ಕೋ ಡಾಕ್ಟರ ಮಾತು ಮೀರಿ ಸಹಿ ಹಾಕಿ ಕರೆದೊಯ್ಯುವವರು ಇದ್ದೇ ಇರುತ್ತಾರೆ. ಹೋಗಲೇಬೇಕಾದರೂ ಮೂರು ಕಾಗದ ಬಿಡಬೇಡಿ: ಡಿಸ್ಚಾರ್ಜ್ ಸಮರಿ, ಮನೋವೈದ್ಯರಿಗೆ ರೆಫರಲ್ ಪತ್ರ, ಮುಂದಿನ ಭೇಟಿಯ ತಾರೀಖು. ಊರಿಗೆ ವಾಪಸಾಗುವವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ.

ಡಿಸ್ಚಾರ್ಜ್ ಆದ ಮೊದಲ ವಾರ ಕಷ್ಟದ್ದು. ಆಸ್ಪತ್ರೆಯಲ್ಲಿ ಸುತ್ತ ಜನ ಇದ್ದರು, ಈಗ ಅದೇ ರೂಮು, ಅದೇ ಗೋಡೆ, ಅದೇ ಸಾಲ. ಸುರಕ್ಷತೆಯ ಆತಂಕ ಇನ್ನೂ ಉಳಿದಿದ್ದರೆ, ಆಸ್ಪತ್ರೆಯಲ್ಲಿ ಕೂತು ಮಾತಾಡಿಸಿದ 48 ಗಂಟೆಯೊಳಗೆ ಮತ್ತೆ ಸಂಪರ್ಕಿಸಬೇಕು ಎಂದು ನೈಸ್ ಮಾರ್ಗಸೂಚಿ ಹೇಳುತ್ತದೆ. ಇದು ಶ್ರೀಮಂತ ದೇಶಗಳ ಮಾತು ಎನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವಿದೆ. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ ಐದು ದೇಶಗಳ 1,867 ಜನ, ಅದರಲ್ಲಿ ಒಂದು ಕೇಂದ್ರ ಪಕ್ಕದ ಚೆನ್ನೈ, ಪ್ರಕಟವಾದದ್ದು 2008ರಲ್ಲಿ. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಹೊರಡುವ ಹೊತ್ತಿಗೆ ಒಂದು ಗಂಟೆ ಕೂತು ಮಾತು, ಆಮೇಲೆ 18 ತಿಂಗಳಲ್ಲಿ 9 ಸಲ ಫೋನ್ ಅಥವಾ ಭೇಟಿ, ಅಷ್ಟೇ. ಕೊನೆಗೆ ಆತ್ಮಹತ್ಯೆಯಿಂದ ಸತ್ತವರು ಮೊದಲ ಗುಂಪಿನಲ್ಲಿ ಶೇ 2.2, ಎರಡನೆಯದರಲ್ಲಿ ಶೇ 0.2. ಆ ಒಂಬತ್ತು ಸಂಪರ್ಕಗಳ ಲೆಕ್ಕ: 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. ಇದಕ್ಕೆ ದುಬಾರಿ ಯಂತ್ರ ಬೇಡ, ಒಂದು ಫೋನು, ಒಂದು ನೋಟ್‌ಬುಕ್ಕು, ಮರೆಯದ ಒಬ್ಬ ಮನುಷ್ಯ ಸಾಕು. ಆಸ್ಪತ್ರೆಯವರು ಮಾಡದಿದ್ದರೆ ಮನೆಯಲ್ಲಿ ಒಬ್ಬರು ಈ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ಅವತ್ತು ಕೇಳಬಹುದು.

ಮತ್ತೆ ಹೊಲಿಗೆಗೆ ಬರೋಣ. ಕೈಯ ಹೊಲಿಗೆ ಸಾಮಾನ್ಯವಾಗಿ 7ರಿಂದ 10 ದಿನಕ್ಕೆ, ಕೀಲಿನ ಮೇಲಿದ್ದರೆ 14 ದಿನದವರೆಗೆ ಬಿಟ್ಟು ಬಿಚ್ಚುತ್ತಾರೆ. ಮನೋವೈದ್ಯರ ಓ.ಪಿ.ಡಿ.ಗೆ ಬರಲು ಹಿಂಜರಿಯುವವರೂ ಹೊಲಿಗೆ ಬಿಚ್ಚಿಸಲು ಬಂದೇ ಬರುತ್ತಾರೆ. ಆದ್ದರಿಂದ ಎರಡಕ್ಕೂ ಒಂದೇ ದಿನದ ತಾರೀಖು ಹಾಕಿಸಿಕೊಳ್ಳಿ, ಒಂದೇ ಚೀಟಿಯಲ್ಲಿ, ಮೊದಲು ಮನೋವೈದ್ಯರು, ಆಮೇಲೆ ಡ್ರೆಸ್ಸಿಂಗ್ ರೂಮು. ಹೊಲಿಗೆ ಬಿಚ್ಚುವ ಸಿಸ್ಟರ್ ಅವತ್ತು ಗಾಯದ ಅಂಚು ಕೂಡಿದೆಯೇ ಎಂದು ನೋಡುವ ಜೊತೆಗೆ, ದಾರ ಎಳೆಯುವಾಗ ತಲೆ ಎತ್ತಿ "ನಿದ್ದೆ ಬರ್ತಿದೆಯಾ ಈಗ?" ಎಂದು ಕೇಳಿದರೆ ಒಳ್ಳೆಯದು. ಬ್ಯಾಂಡೇಜ್ ಬಿಚ್ಚಿದ ಮೇಲೆ ಆ ಜಾಗಕ್ಕೆ ಬಿಸಿಲು ತಾಗದಂತೆ ಕೆಲವು ತಿಂಗಳು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಕಲೆ ಕಪ್ಪಾಗಿ ನಿಲ್ಲುತ್ತದೆ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಹಚ್ಚಬಹುದು, ಯಾವಾಗಿನಿಂದ ಎಂದು ಅವತ್ತೇ ಕೇಳಿಕೊಂಡು, ಮುಂದಿನ ತಾರೀಖು ಬರೆಸಿಕೊಂಡು ಹೊರಡಿ.